ಮೃದಂಗ ತಿಂದ ರವೆ

ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತಿದ್ದ ಕೊನೆಯ ದಿನ, ಬೆಳಗಿನ ಉಪ್ಪಿಟ್ಟು ಸಾಲದೆ ಹೋಯಿತು. ಅದಕ್ಕೆ ಕಾರಣ ನನ್ನ ಹೆಂಡತಿಯ ತಮ್ಮ ಶಿವಮಲ್ಲು. ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಹೊತ್ತಿಗೆ ಮುಂಚೆಯೇ ಬಂದವನು, ಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ಒಂದು ಹಿಡಿ ರವೆ ತಂದು, ನೀರಿನಲ್ಲಿ ಕಲಸಿ, ನನ್ನ ಮಗಳು ಗಿರಿಜೆಯ ಮೃದಂಗಕ್ಕೆ ಮೆತ್ತಿದ. ಮೃದಂಗವನ್ನು ದೂರದಿಂದ ಮಾತ್ರ ಬಲ್ಲವರಿಗೆ ಒಂದು ಮಾತು: ಅದರ ಬಲಗಡೆಯ ಕಪ್ಪು ಕರಣೆ ಸದಾ ಅಂಟಿಕೊಂಡೇ ಇರುತ್ತದೆ, ಎಡಗಡೆಯ ಚರ್ಮಕ್ಕೆ ಮಾತ್ರ ಪ್ರತಿಸಲ ಹೊಸದಾಗಿ ರವೆ ಮೆತ್ತಿ, ನುಡಿಸಿದ ಮೇಲೆ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಗಂಭೀರವಾದ ದನಿ ಹೊರಡುವುದಿಲ್ಲ. ಉಣ್ಣದೆ ಮಾತಾಡದ ವಾದ್ಯ ಅದು. ಆ ಒಂದು ವಿಷಯದಲ್ಲಿ ಮಾತ್ರ ನನಗೂ ಅದಕ್ಕೂ ಹೋಲಿಕೆಯುಂಟು.

ಯುದ್ಧದ ಕಾಲ. ರವೆ ಸಿಗುವುದೇ ದುರ್ಲಭವಾಗಿತ್ತು. ಇರುವ ರವೆಯನ್ನೆಲ್ಲ ಚರ್ಮಕ್ಕೆ ತಿನ್ನಿಸಿದರೆ ಮನುಷ್ಯರು ಏನು ತಿನ್ನಬೇಕೆಂದು ನಾನು ಗೊಣಗಿದೆ.

"ಒಂದಿನ ಕಮ್ಮಿ ಉಣ್ಣಿ ಭಾವ. ಆ ಒಟ್ಟೆ ನೋಡುದ್ರೆ ಅದ್ಕೂ ಒಂದ್ ಕರಣೆ ಅಚ್ಬೋದು" ಎಂದ ಶಿವಮಲ್ಲು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಗಿರಿಜೆ ನಕ್ಕಳು, ಅದೂ ಅವನ ಮುಖ ನೋಡಿಕೊಂಡು.

ನನ್ನ ಸಂಕಟವೆಲ್ಲ ಆ ನೋಟದಲ್ಲಿತ್ತು; ರವೆ ಬರಿಯ ನೆಪ. ಮಗಳು ನನ್ನವಳು, ಮೃದಂಗ ಕೊಡಿಸಿದವನು ನಾನು, ಮನೆಯೂ ನನ್ನದೇ. ಆದರೆ ಮೃದಂಗ ತೊಡೆಗೇರಿತೆಂದರೆ ಅವಳ ಕಣ್ಣು ಮಾವನನ್ನು ಬಿಟ್ಟು ಕದಲುತ್ತಿರಲಿಲ್ಲ. ಅದು ಒಂದೇ ಒಂದು ಸಲ ನನ್ನ ಕಡೆ ತಿರುಗಲೆಂದು ನಾನು ಕಾಯುತ್ತಿದ್ದೆ.

ಮೃದಂಗ ಆರಿಸಿದ ದಿನವೇ ಈ ಹೊಟ್ಟೆಕಿಚ್ಚು ಹತ್ತಿಕೊಂಡಿತ್ತು. ಸೇರನ್ನು ಕವುಚಿ ಹಾಕಿ ಬಡಿಯುತ್ತಿದ್ದ ಮಗಳಿಗೆ ನಿಜವಾದ ವಾದ್ಯವನ್ನೇ ಕೊಡಿಸೋಣವೆಂದು ನಾನೇ ಉದಾರವಾಗಿ ಹೊರಟಿದ್ದೆ. ಭಜನೆಯಲ್ಲಿ ಮೃದಂಗ ನುಡಿಸುವವನೆಂದು ಶಿವಮಲ್ಲುವನ್ನೂ ಕರೆದುಕೊಂಡಿದ್ದೆ. ಕೆರೆಯ ಕಡೆ ತೆಂಗಿನ ಗರಿಯ ಚಪ್ಪರದಡಿ ಮೃದಂಗ ಮಾಡುವ ತಮಿಳು ಮುದುಕರೊಬ್ಬರಿದ್ದರು. ಸೀರೆ ಅಂಗಡಿಯಲ್ಲಿ ಗಜದ ಕೋಲು ಹಿಡಿದು ತಲೆ ನೆರೆಸಿಕೊಂಡ ನನಗೆ ಆರಿಸುವುದನ್ನು ಯಾರು ಹೇಳಿಕೊಡಬೇಕು? ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ಹೊಸ ಬಾರು ಮಿರುಗುತ್ತಿದ್ದುದನ್ನು, ಬೆಳೆಯುವ ಮಗುವಿಗೆ ನಾಳೆಗೂ ಆಗುತ್ತದೆಂದು ಎತ್ತಿ ಅವಳ ಮುಂದಿಟ್ಟೆ. ಅವಳ ಕೈ ಎರಡು ಕಡೆಗೂ ಎಟುಕಲಿಲ್ಲ. ಹಲಸಿನ ಹಣ್ಣನ್ನು ತಬ್ಬಿಕೊಂಡವಳಂತೆ ಕೆನ್ನೆಯನ್ನು ಮರಕ್ಕೊತ್ತಿ ಕೂತಳು.

"ಇದೇನ್ ಲಂಗವಾ ಭಾವ, ಈಗ ಮಡಿಸಿ ಒಲ್ಸಿ ಆಮೇಲ್ ಬಿಚ್ಕಳಕೆ?" ಎಂದ ಶಿವಮಲ್ಲು. ಮುದುಕರು ಬಾರು ಬಿಗಿಯುವುದನ್ನು ಬಿಟ್ಟು ನಕ್ಕರು. ಅವನು ಮಗಳನ್ನು ಕಣ್ಣು ಮುಚ್ಚಿಸಿ ಕೂರಿಸಿ, ಒಂದೊಂದನ್ನೇ ಅವಳ ತೊಡೆಗೆ ಸರಿಸಿದ. "ನೋಡ್ಬ್ಯಾಡ ಕಣವ್ವ, ಮುಟ್ಟು." ಗಿಡ್ಡನೆಯ, ಮಾಸಿದ ಮೃದಂಗವೊಂದು ಬಂದಾಗ ಅವಳ ಹೆಗಲು ತಾನಾಗಿ ಇಳಿಯಿತು, ಕೈ ಎರಡೂ ಚರ್ಮದ ಮೇಲೆ ಹಕ್ಕಿಯ ಹಾಗೆ ಕೂತವು. ಒಂದು ಪೆಟ್ಟು ಹಾಕಿ, ಕಣ್ಣು ತೆರೆದು, ಮಾವನನ್ನು ನೋಡಿದಳು. ಅವಳ ಎದುರಿಗೇ ನಿಂತಿದ್ದವನು ನಾನು, ಅವನು ಪಕ್ಕದಲ್ಲಿದ್ದ.

ಆಮೇಲೆ ವಾರಕ್ಕೊಮ್ಮೆ ಬಂದು, ನಡುಮನೆಯ ಕಂಬಕ್ಕೆ ಒರಗಿ ತೊಡೆಯ ಮೇಲೆ ತಾಳ ಹಾಕುತ್ತ ಪಾಠ ಹೇಳುತ್ತಿದ್ದ. ಒಮ್ಮೆ ನಾನೂ ಪಕ್ಕದಲ್ಲಿ ಕೂತು ತಾಳ ಹಾಕಿದೆ. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಮಾಂಬಳ್ಳಿ ಮೈಸೂರಿಗೆ. "ನಿಮ್ ಮದ್ರಾಸ್ ಸರ್ಕಾರದಲ್ಲಿ ತಾಳಕ್ಕೂ ರೇಷನ್ನಾ ಭಾವ? ಎಂಟ್ ಏಟ್ಗೆ ಆರೇ ಕೊಟ್ರಿ" ಎಂದ. ಮಗಳ ಒಲವನ್ನು ಗಳಿಸಲು ನಾನು ಅಂಗಡಿಯಿಂದ ರೇಷ್ಮೆಯ ಪಟ್ಟಿ ತಂದುಕೊಟ್ಟರೆ, ಅವಳು ಅದನ್ನು ಜಡೆಗೆ ಕಟ್ಟದೆ ಮೃದಂಗದ ಗವಸಿಗೆ ಕಟ್ಟಿದಳು.

ಉಪ್ಪಿಟ್ಟು ಸಾಲದ ಆ ದಿನ ಪಾಠದ ನಡುವೆಯೇ ಅವನು ಎದ್ದ. "ಮೈಯೆಲ್ಲ ಚಳಿ ಅಂತದೆ ಅಕ್ಕಯ್ಯ, ಓಯ್ತೀನಿ" ಎಂದು ಕಂಬಳಿ ಹೊದ್ದು ಹೊರಟ. ಮರುವಾರ ಬರಲಿಲ್ಲ. ಅದರ ಮರುದಿನ, ಅವನು ಜ್ವರದಲ್ಲಿ ತೀರಿಕೊಂಡನೆಂದು ಹೇಳಲು ಮಾಂಬಳ್ಳಿಯಿಂದ ಆಳು ಬಂದ. ನಾವು ಹೋಗುವಷ್ಟರಲ್ಲಿ ಅವನನ್ನು ಹೊರಗೆ ಕೂರಿಸಿ ವಿಭೂತಿ ಇಟ್ಟಿದ್ದರು. ಮುಖದಲ್ಲಿ ಇನ್ನೇನೋ ತಮಾಷೆ ಮಾಡಲಿದ್ದವನ ಕಳೆಯಿತ್ತು. ಗಿರಿಜೆ ಅಳುವುದನ್ನು ನೋಡುತ್ತ ನಿಂತ ನನಗೆ, ನಾಳೆ ನಾನು ಹೋದರೆ ಇವಳು ಇಷ್ಟು ಅಳುವಳೇ ಎಂದು ಅನ್ನಿಸಿತು. ಮಣ್ಣು ಹಾಕುವಾಗಲೂ ಅದೇ ಯೋಚನೆ. ಸತ್ತವನ ಮೇಲೆ ಕರುಬುವುದು ಎಷ್ಟು ಕಷ್ಟದ ಕೆಲಸವೆಂದು ಕರುಬಿದವರಿಗೇ ಗೊತ್ತು. ಅವನು ಇನ್ನು ಸೋಲುವ ಹಾಗಿಲ್ಲ.

ಮೃದಂಗ ಮೂಲೆಯಲ್ಲೇ ಉಳಿಯಿತು. ಒಂದು ದಿನ ಗವಸು ಸರಿಸಿ ನೋಡಿದೆ. ಚಳಿ ಹಿಡಿದು ಎದ್ದುಹೋದವನು ಎಡಗಡೆಯ ರವೆಯನ್ನು ಕೆರೆದಿರಲಿಲ್ಲ. ಅದು ಒಣಗಿ, ಬಿರುಕು ಬಿಟ್ಟು, ಅವನ ಬೆರಳು ಒತ್ತಿದ ಗುಳಿಗಳನ್ನು ಹಾಗೆಯೇ ಹಿಡಿದುಕೊಂಡಿತ್ತು. ಹಾಗೆ ಬಿಟ್ಟರೆ ಚರ್ಮ ಕೆಡುತ್ತದೆಂದು ನನಗೂ ಗೊತ್ತು, ಮಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವಳು ಯಾರನ್ನೂ ಮುಟ್ಟಗೊಡಲಿಲ್ಲ. ಅವಳಮ್ಮ ನೆಲ ಸಾರಿಸುವಾಗ ಅದರ ಸುತ್ತ ಬಿಟ್ಟು ಸಾರಿಸುತ್ತಿದ್ದಳು.

ಬಹಳ ದಿನಗಳ ಮೇಲೆ, ಸಂಜೆ ನಾನು ಅಂಗಡಿಯಿಂದ ಬಂದಾಗ, ಗಿರಿಜೆ ಮೃದಂಗವನ್ನು ನನ್ನ ಮುಂದೆ ತಂದಿಟ್ಟು, "ನಂಗಾಗಲ್ಲ, ನೀನೇ ತಗಿ ಅಪ್ಪ" ಎಂದಳು. ಒದ್ದೆ ಬಟ್ಟೆಯಿಂದ ನೆನೆಸಿದೆ. ಕೆರೆಯುವ ಮುಂಚೆ ಆ ಗುಳಿಗಳಲ್ಲಿ ನನ್ನ ಬೆರಳಿಟ್ಟು ನೋಡಿದೆ; ಕೂರಲಿಲ್ಲ. ನೇಗಿಲು ಹಿಡಿದ ಅವನ ಬೆರಳು ಅಗಲ, ನನ್ನವು ರೇಷ್ಮೆ ಮಡಿಸುವಂಥವು. ನಾನು ಕೆರೆದು ಮುಗಿಸುವವರೆಗೂ ಅವಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅಡುಗೆಮನೆಯಿಂದ ಹೆಂಡತಿ, ಯಾರೂ ಕೇಳದೆಯೇ, ಹೊಸ ರವೆಯನ್ನು ಬಟ್ಟಲಲ್ಲಿ ತಂದಿಟ್ಟಳು.

"ತಾಳ ಆಕಪ್ಪ."

ಹಾಕಿದೆ. ತಪ್ಪಿತು. ಮತ್ತೆ ತಪ್ಪಿತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತೆಂದು ಒಳಗೊಳಗೆ ಬೀಗತೊಡಗಿದಾಗ ತಿಳಿಯಿತು: ನಾನು ಸರಿಹೋಗಿರಲಿಲ್ಲ, ನನ್ನ ಕೈ ಬೀಳುವಲ್ಲಿಗೆ ಅವಳೇ ತನ್ನ ಪೆಟ್ಟನ್ನು ತಂದು ಇಡುತ್ತಿದ್ದಳು. ಕಣ್ಣು ನನ್ನ ಮೇಲೆಯೇ ಇತ್ತು. ಇಷ್ಟು ದಿನ ಬಯಸಿದ ನೋಟ ಅದು. ಎಡವುವ ಮುದುಕನನ್ನು ಕೈಹಿಡಿದು ನಡೆಸುವವರ ನೋಟ. ಮಾವನ ಜೊತೆ ಅವಳು ಹೀಗೆ ಕಾದವಳಲ್ಲ, ಓಡುತ್ತಿದ್ದಳು. ಕೊನೆಯ ಪೆಟ್ಟು ಬಿದ್ದಾಗ ಆ ಕಣ್ಣು ನನ್ನನ್ನು ದಾಟಿ ಕಂಬದ ಕಡೆ ಹೋಯಿತು. ನನ್ನ ಕಣ್ಣೂ ಅಲ್ಲಿಗೇ ಹೋಯಿತು.

ಈಗ ವಾರಕ್ಕೊಮ್ಮೆ ಡಬ್ಬಿಯಿಂದ ಒಂದು ಹಿಡಿ ರವೆ ತೆಗೆಯುವವನು ನಾನೇ. ಉಪ್ಪಿಟ್ಟು ಸಾಲದಿದ್ದರೆ ಯಾರೂ ಗೊಣಗುವುದಿಲ್ಲ. ನನ್ನ ತಾಳ ಇಂದಿಗೂ ತಪ್ಪುತ್ತದೆ. ನಗುವವನು ಇಲ್ಲ.