ಇರುವೆ ಮುತ್ತಿದ ಮೀಸೆ

ಇವತ್ತು ಬೆಳಿಗ್ಗೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಒಳಗೆ ಇರುವೆ. ಒಂದೆರಡಲ್ಲ, ಕಿಟಕಿಯ ಸಂದಿಯಿಂದ ಹೊರಟು, ಸಾಸಿವೆ ಡಬ್ಬಿಯನ್ನು ಬಳಸಿಕೊಂಡು, ಕಾಫಿಪುಡಿಯತ್ತ ತಿರುಗಿಯೂ ನೋಡದೆ ನೇರವಾಗಿ ಬೆಲ್ಲಕ್ಕೇ ಬಂದು ಸೇರುವ ಸಾಲು. ಸೊಸೆ ಸವಿತಾ ಇರುವೆ ಪುಡಿ ಹುಡುಕಲು ಒಳಗೆ ಓಡಿದಳು. ನಾನು ಒಬ್ಬಳೇ ನಿಂತು ನಗುತ್ತಿದ್ದೆ.

"ಅತ್ತೆ, ಇದ್ರಲ್ಲಿ ನಗೋದೇನಿದೆ?" ಎಂದು ಅಲ್ಲಿಂದಲೇ ಕೇಳಿದಳು. ಅವಳಿಗೆ ಹೇಳುತ್ತ ಕೂತರೆ ತಿಂಡಿಗೆ ಹೊತ್ತಾಗುತ್ತದೆ. ನಿಮಗೆ ಹೇಳುತ್ತೇನೆ, ನಿಮಗೇನೂ ಆತುರವಿಲ್ಲವಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎಂದರೆ ಕಾಲೇಜಿಗೆ ಹೋಗಿ ಬರುತ್ತಿದ್ದೆ. ನಮ್ಮ ಕಾಲೇಜಿನ ಹಿಂಭಾಗದಲ್ಲಿ, ಒಂದು ಕಾಲಕ್ಕೆ ಯಾರೋ ಬೆಲ್ಲ ದಾಸ್ತಾನು ಮಾಡುತ್ತಿದ್ದ ಹೆಂಚಿನ ಗೋಡೌನು ಇತ್ತು. ಅದರ ಬಾಗಿಲಿಗೆ 'ಚಿತ್ರ ಮತ್ತು ಶಿಲ್ಪ ಕಾರ್ಯಾಗಾರ' ಎಂದು ಬಣ್ಣದಲ್ಲಿ ಬರೆಸಿದ್ದರು. ಬೋರ್ಡು ನೋಡಿ ಒಳಗೆ ಏನೇನೋ ಇದೆ ಎಂದುಕೊಂಡು ಬಂದವರಿಗೆ ಕಾಣಿಸುತ್ತಿದ್ದುದು ಕುಂಟು ಸ್ಟ್ಯಾಂಡುಗಳು, ಒಣಗಿದ ಬಣ್ಣದ ಬಾಟಲಿಗಳು ಮತ್ತು ಒಂದು ಮಣ್ಣಿನ ಗುಡ್ಡೆ. ನೀರು ಬೇಕಾದರೆ ತೊಟ್ಟಿಯಿಂದ ಬಿಂದಿಗೆಯಲ್ಲಿ ಹೊತ್ತು ತರಬೇಕು. ಮಾಡಿನಲ್ಲಿ ಹೆಂಚು ಒಡೆದು ಅಲ್ಲಿಂದ ಬಿಸಿಲು ಬೀಳುತ್ತಿತ್ತು. ಅದನ್ನು ಮುಚ್ಚಿಸಲು ನಮ್ಮ ಮೇಷ್ಟ್ರು ಬಿಡುತ್ತಿರಲಿಲ್ಲ. ಚಿತ್ರಕ್ಕೆ ಬೆಳಕು ಮೇಲಿನಿಂದಲೇ ಬರಬೇಕಂತೆ. ಮಳೆ ಬಂದಾಗ ಚಿತ್ರವೂ ನಾವೂ ಮೂಲೆಗೆ ಸರಿಯುತ್ತಿದ್ದೆವು. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಬೆಲ್ಲದ ವಾಸನೆ ಹೋಗಿರಲಿಲ್ಲ. ಇರುವೆಗಳೂ ಹೋಗಿರಲಿಲ್ಲ.

ನಾನು ಅಲ್ಲಿ ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದ ಎಂದು ತಿಳಿಯಬೇಡಿ. ಅದೇ ಹೊತ್ತಿನಲ್ಲಿ ಹುಡುಗಿಯರಿಗೆ ಬಯಲಿನಲ್ಲಿ ಥ್ರೋಬಾಲ್ ಇರುತ್ತಿತ್ತು. ಮಂಡ್ಯದ ಬಿಸಿಲು ಕಂಡವರಿಗೆ ಹೆಚ್ಚಿಗೆ ವಿವರಿಸಬೇಕಿಲ್ಲ.

ಮೇಷ್ಟ್ರ ಹೆಸರು ಪುಟ್ಟಸ್ವಾಮಿ. ದಿನವೂ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಊಟದ ಕ್ಯಾರಿಯರ್ರು. ಅವರಿಗೆ ಪಾಠವೆಂದು ಇದ್ದದ್ದು ಒಂದೇ ಮಾತು: "ಮೊದ್ಲು ನೋಡ್ರಪ್ಪ. ಕೈಗೇನು ಅಂಥಾ ಅವಸ್ರ?" ಒಮ್ಮೆ ನಮ್ಮನ್ನೆಲ್ಲ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದರು. ಹುಣಸೆಮರದ ತುಂಬ ಹಕ್ಕಿ. ನಾವು ಪೆನ್ಸಿಲ್ ಕೆತ್ತುವಷ್ಟರಲ್ಲಿ ಅವು ಭಂಗಿ ಬದಲಿಸುತ್ತಿದ್ದವು. ಮೇಷ್ಟ್ರು ಮಧ್ಯಾಹ್ನದವರೆಗೂ ಪೆನ್ಸಿಲ್ ಮುಟ್ಟದೆ ಸುಮ್ಮನೆ ತಲೆಯೆತ್ತಿ ಕೂತಿದ್ದರು. ನಾನು ಮಾತ್ರ ಹಾಳೆ ತುಂಬ ಉದ್ದ ಕಾಲಿನ ಕೊಕ್ಕರೆ ಬರೆದಿದ್ದೆ. ಅದನ್ನು ನೋಡಿ ಅವರು, "ಊರುಗೋಲು ಚೆನ್ನಾಗಿ ಬಂದವೆ ಕಣವ್ವ. ಹಕ್ಕಿ ಎಲ್ಲಿ?" ಎಂದರು.

ಹೀಗೆ ನಮ್ಮ ಕಲಾಸೇವೆ ನಡೆಯುತ್ತಿದ್ದಾಗ ಸೈಕಲ್ಲುಗಳು ಬಂದವು. ಸುತ್ತಲ ಹಳ್ಳಿಗಳಿಂದ ಹುಡುಗರು ಸೈಕಲ್ ತುಳಿದುಕೊಂಡು ಕಾಲೇಜಿಗೆ ಬರುವುದು ಹೆಚ್ಚಾಗುತ್ತ ಹೋಗಿ, ನಿಲ್ಲಿಸಲು ಜಾಗ ಸಾಲದಾಯಿತು. ಪ್ರಿನ್ಸಿಪಾಲರ ಕಣ್ಣು ಗೋಡೌನಿನ ಮೇಲೆ ಬಿತ್ತು. ಅದನ್ನು ಸೈಕಲ್ ಸ್ಟ್ಯಾಂಡ್ ಮಾಡುವುದೆಂದೂ, ಕೊಠಡಿಯೇ ಇಲ್ಲವೆಂದ ಮೇಲೆ ಚಿತ್ರದ ತರಗತಿ ಬೇಡವೆಂದೂ, ತರಗತಿ ಇಲ್ಲವೆಂದ ಮೇಲೆ ಮೇಷ್ಟ್ರೂ ಬೇಡವೆಂದೂ ಅವರು ಲೆಕ್ಕ ಬಿಡಿಸಿದರು. ಕಾಲೇಜು ಕಮಿಟಿಯ ಅಧ್ಯಕ್ಷರು ವಾರ್ಷಿಕೋತ್ಸವಕ್ಕೆ ಬಂದಾಗ ಒಮ್ಮೆ ನೋಡಿ 'ಹೂಂ' ಅಂದರೆ ಮುಗಿಯಿತು. ಆ ದಿನದಿಂದ ಮೇಷ್ಟ್ರು ಕ್ಯಾರಿಯರ್ ಬಿಚ್ಚಿ, ಅರ್ಧ ಉಂಡು, ಮತ್ತೆ ಮುಚ್ಚಿಡುತ್ತಿದ್ದರು. ಬಿಸಿಲಿಗೆ ಹೆದರಿ ಬಂದು ಸೇರಿದ್ದ ನನಗೂ ಅದನ್ನು ನೋಡಿ ಕೆಡುಕೆನಿಸುತ್ತಿತ್ತು.

ಉಪಾಯ ಹುಡುಕಿದವನು ಗೆಜ್ಜಲಗೆರೆಯ ಶಿವಲಿಂಗ. ನಮ್ಮ ತರಗತಿಯವನೇ, ಯಾವುದಕ್ಕೂ ಹಿಂದೆಮುಂದೆ ನೋಡದವನು.

"ಮಣ್ಣಲ್ಲಿ ಅಧ್ಯಕ್ಷರ ತಲೇನೇ ಮಾಡ್ಬುಡಾಣ. ತನ್ ತಲೆ ಇರೋ ಮನೇನ ಯಾವನಾದ್ರೂ ಸೈಕಲ್ಗೆ ಕೊಟ್ಟಾನಾ?" ಎಂದ.

ನಮಗೆಲ್ಲ ಇದು ಬಹಳ ದೊಡ್ಡ ರಾಜಕೀಯವಾಗಿ ಕಂಡಿತು. ಅಧ್ಯಕ್ಷರು ಮದ್ದೂರಿನವರು, ಬೆಲ್ಲದ ಮಂಡಿ ಇಟ್ಟಿದ್ದ ಸಾಹುಕಾರರು. ದೊಡ್ಡ ತಲೆ, ಅದಕ್ಕೆ ತಕ್ಕ ಮೀಸೆ. ನಾಲೆಯ ಮಣ್ಣು ತಂದು, ಹಳೆಯ ಫೋಟೋ ಒಂದನ್ನು ಎದುರಿಗಿಟ್ಟುಕೊಂಡು ಶುರುಮಾಡಿದೆವು. ಮೂಗಿನ ಕೆಲಸ ನನಗೆ ಬಂತು. ಮಣ್ಣು ಒಣಗಿದ ಹಾಗೆಲ್ಲ ಬಿರುಕು ಬಿಡುತ್ತಿತ್ತು. ಒಂದು ದಿನ ಕಿವಿ ಉದುರಿತು, ಇನ್ನೊಂದು ದಿನ ಮೀಸೆ. ಪ್ಲಾಸ್ಟರ್ ತರಿಸಲು ಕಾಲೇಜು ಒಪ್ಪಲಿಲ್ಲ. ಮೇಷ್ಟ್ರು, "ನೆರಳಲ್ಲಿ ನಿಧಾನಕ್ಕೆ ಒಣಗ್ಲಿ, ಬಟ್ಟೆ ಹೊದ್ಸಿ" ಎಂದು ಹೇಳಿ ಬಸ್ಸಿಗೆ ಹೊರಟುಹೋದರು.

ಬಸ್ಸು ಹೋಯಿತು, ಶಿವಲಿಂಗನಿಗೆ ಬುದ್ಧಿ ಬಂತು. "ನಮ್ಮಜ್ಜನ ಮನೆ ಗಾರೆಗೆ ಬೆಲ್ಲದ ನೀರು ಉಯ್ದವ್ರೆ ಕಣಮ್ಮ. ಇವತ್ಗೂ ಮೊಳೆ ಇಳ್ಯಾಕಿಲ್ಲ ಅದ್ರಲ್ಲಿ!" ಎಂದ.

ಗಾರೆಗೆ ಹಾಕುವುದು ಸುಣ್ಣಕ್ಕಾಗಿ, ನಮ್ಮದು ಬರೀ ಮಣ್ಣು ಎಂಬುದು ಅಲ್ಲಿದ್ದ ಯಾರ ತಲೆಗೂ ಹೊಳೆಯಲಿಲ್ಲ. ಬೇರೆ ಊರಿನ ಹುಡುಗರಾಗಿದ್ದರೆ ಗೋಂದು ಹುಡುಕುತ್ತಿದ್ದರೋ ಏನೋ. ನಾವು ಮಂಡ್ಯದವರು, ಕೈಗೆ ಮೊದಲು ಸಿಕ್ಕುವುದು ಬೆಲ್ಲ. ಮರುದಿನ ಅವನು ತಮ್ಮ ಆಲೆಮನೆಯಿಂದ ಒಂದು ತಂಬಿಗೆ ಜೋನಿಬೆಲ್ಲ ತಂದ. ಮಣ್ಣಿಗೆ ಕಲಸಿದೆವು, ಬಿರುಕಿಗೆ ತುಂಬಿದೆವು. ಪದೇಪದೇ ಉದುರುತ್ತಿದ್ದ ಮೀಸೆಗಂತೂ ಧಾರಾಳವಾಗಿ ಮೆತ್ತಿದೆವು. ಆಹಾ, ಏನು ಹೊಳಪು! ಅಧ್ಯಕ್ಷರು ಆಗಷ್ಟೇ ಎಣ್ಣೆನೀರು ಹಾಕಿಕೊಂಡು ಬಂದು ಕೂತಂತಿದ್ದರು. ಒದ್ದೆ ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಹಾಕಿ, ಭಾನುವಾರ ಕಳೆದು ಸೋಮವಾರದ ವಾರ್ಷಿಕೋತ್ಸವಕ್ಕೆ ಕಾದೆವು.

ಸೋಮವಾರ ಅಧ್ಯಕ್ಷರು ಬಂದರು. ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಮ್ಮ ಮೇಷ್ಟ್ರು. ಬಟ್ಟೆ ಸರಿಸುವ ಭಾಗ್ಯ ನನ್ನದಾಗಿತ್ತು. ಸರಿಸಿದೆ. ಮೊದಲು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಗುಂಪಿನ ಹಿಂದಿನಿಂದ ಯಾರೋ ಗಟ್ಟಿಯಾಗಿ ಹೇಳಿಯೇಬಿಟ್ಟರು: "ಲೇ, ಮೀಸೆ ನಡೀತಾ ಐತೆ ಕಣ್ಲಾ!"

ನಿಜವಾಗಿ ನಡೆಯುತ್ತಿತ್ತು. ಕಪ್ಪಿರುವೆಗಳು ಮೀಸೆಯ ಅಳತೆಗೆ ಸರಿಯಾಗಿ ಮುತ್ತಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತಿದ್ದವು. ಒಂದು ತಂಡ ಕಿವಿಯೊಳಗೆ ಇಳಿದಿತ್ತು. ನಾನು ಮಾಡಿದ ಮೂಗನ್ನು ಮಾತ್ರ ಒಂದೂ ಮುಟ್ಟಿರಲಿಲ್ಲ. ಅದರ ಅವಮಾನ ನನಗೆ ಈಗಲೂ ಇದೆ.

ಪ್ರಿನ್ಸಿಪಾಲರು ಬೆವರಿದರು. "ಗೋಡೌನು ಹಳೇದು ಸಾರ್, ಇರುವೆ ಜಾಸ್ತಿ. ಅದಕ್ಕೇ ಸೈಕಲ್ ಸ್ಟ್ಯಾಂಡ್ ಮಾಡೋಣ ಅಂತ..." ಎಂದು ಶುರುಮಾಡಿದರು. ಅಧ್ಯಕ್ಷರು ಕೇಳಿಸಿಕೊಳ್ಳಲಿಲ್ಲ. ಬಗ್ಗಿ, ತಮ್ಮದೇ ಮಣ್ಣಿನ ಕಿವಿಯ ತುದಿಯನ್ನು ಚಿವುಟಿ, ಇರುವೆ ಊದಿ, ನಾಲಿಗೆಗೆ ಇಟ್ಟುಕೊಂಡರು. ಮಂಡಿಯಲ್ಲಿ ಬೆಲ್ಲ ಬಂದಾಗ ಒಂದು ಚೂರು ಮುರಿದು ರುಚಿ ನೋಡದೆ ದರ ಹೇಳದ ಮನುಷ್ಯ. ಕೈ ತಾನಾಗಿಯೇ ಹೋಗಿತ್ತು.

"ಚೌಳು ನೆಲದ ಕಬ್ಬು. ಉಪ್ಪು ಹೊಡೀತದೆ. ಎರಡ್ನೇ ದರ್ಜೆ," ಎಂದರು.

"ಇಲ್ಲ ಸಾ! ನಮ್ಮ ಆಲೆಮನೇದು. ಉಪ್ಪು ಮಣ್ಣಿಂದು, ಬೆಲ್ಲದ್ದಲ್ಲ!" ಶಿವಲಿಂಗ ರೋಷದಿಂದ ಕೂಗಿದ. ನಮ್ಮ ಕಾರ್ಯಾಗಾರದ ಗುಟ್ಟೆಲ್ಲ ಅಷ್ಟರಲ್ಲಿ ರಟ್ಟಾಯಿತು.

ಅಧ್ಯಕ್ಷರು ಅವನನ್ನು ನೋಡಿದರು, ತಲೆಯನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ಸುಧಾರಿಸಿಕೊಂಡು ಮೇಷ್ಟ್ರ ಕಡೆ ತಿರುಗಿ, "ಮೇಷ್ಟ್ರೇ, ಇವ್ಕೆ ಏನ್ ಕಲಿಸ್ತಾ ಇದ್ದೀರಿ ನೀವು?" ಎಂದರು.

ಮೇಷ್ಟ್ರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಎಂದೂ ಮೇಲಿನವರೆದುರು ದನಿ ಎತ್ತಿದವರಲ್ಲ. "ನೋಡೋದು ಕಲಿಸ್ತಾ ಇದ್ದೀನಿ ಸಾ. ಇನ್ನೂ ಬಂದಿಲ್ಲ. ಬರೋಗಂಟ ಈ ಮನೆ ಬೇಕು," ಎಂದರು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತಿದ್ದೆ.

ಅಧ್ಯಕ್ಷರು ವ್ಯಾಪಾರಸ್ಥರು. ಪೂರ್ತಿ ಕೊಡುವ ಅಭ್ಯಾಸ ಅವರಿಗಿರಲಿಲ್ಲ, ಪೂರ್ತಿ ಕಿತ್ತುಕೊಳ್ಳುವುದೂ ಇರಲಿಲ್ಲ. "ಅರ್ಧ ಮೇಷ್ಟ್ರಿಗೆ, ಅರ್ಧ ಸೈಕಲ್ಗೆ. ನನ್ ತಲೆ ಮಾತ್ರ ಆಚೆ ಇಡಿ, ಮಕ್ಕಳು ಕಂಡ್ರೆ ನಗ್ತವೆ," ಎಂದು ಹೇಳಿ, ಕಾಫಿಗೆ ಹೊರಟುಹೋದರು.

ತಲೆಯನ್ನು ಬೇವಿನ ಮರದ ಕೆಳಗಿಟ್ಟೆವು. ಇರುವೆಗಳು ಮೀಸೆ ಮುಗಿಸಿದವು, ಮಳೆ ಉಳಿದದ್ದನ್ನು ಮುಗಿಸಿತು. ನನ್ನ ಮೂಗು ಮಾತ್ರ ಬಹಳ ದಿನ ಅಲ್ಲಿ ಬಿದ್ದಿತ್ತು. ಇತ್ತ ಅರ್ಧ ಗೋಡೌನಿನ ತುಂಬ ಸೈಕಲ್ಲು ಬಂದು ನಿಂತವು. ನಮಗೆಲ್ಲ ಮುಖ ಸಣ್ಣದಾಗಿತ್ತು. ಮೇಷ್ಟ್ರು ಅವತ್ತು ಕ್ಯಾರಿಯರ್ ಪೂರ್ತಿ ಖಾಲಿ ಮಾಡಿ, ಕೈ ತೊಳೆದು ಬಂದು, ಸಾಲು ಸೈಕಲ್ಲುಗಳನ್ನು ನೋಡಿ ಮಗುವಿನ ಹಾಗೆ ಖುಷಿಪಟ್ಟರು.

"ಬರ್ಯೋಕೆ ಇದ್ಕಿಂತ ಕಷ್ಟದ ವಸ್ತು ಇನ್ಯಾವ್ದೂ ಇಲ್ಲ ಕಣ್ರಪ್ಪ. ಆದ್ರೂ ಕೊಕ್ಕರೆ ಹಾರೋಯ್ತದೆ. ಇವು ಗಂಟೆ ಹೊಡ್ಯೋಗಂಟ ಅಲ್ಲಾಡಾಕಿಲ್ಲ. ನೋಡಿ, ನೋಡಿ!"

ಡಿಗ್ರಿ ಮುಗಿಯುವವರೆಗೂ ಸೈಕಲ್ಲೇ ಬರೆದೆ. ಒಂದು ಚಕ್ರವೂ ದುಂಡಗೆ ಬರಲಿಲ್ಲ. ಆಮೇಲೆ ಮದುವೆ, ಮನೆ, ಮಕ್ಕಳು. ಪೆನ್ಸಿಲ್ ಹಿಡಿದದ್ದು ಹಾಲಿನ ಲೆಕ್ಕ ಬರೆಯುವುದಕ್ಕೆ ಮಾತ್ರ. ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಅಳು ಬಂತು. ಆದರೆ ಅವರು ಕೇಳಿದ್ದ ಹಕ್ಕಿಯನ್ನು ಬರೆದು ತೋರಿಸಲಿಲ್ಲ ಎಂಬುದು ಅವತ್ತೂ ಹೊಳೆದಿರಲಿಲ್ಲ. ಇವತ್ತು ಈ ಬೆಲ್ಲದ ಡಬ್ಬಿಯ ಮುಂದೆ ಹೊಳೆಯಿತು.

ಸವಿತಾ ಪುಡಿ ತಂದು ಕೈಗೆ ಕೊಟ್ಟು ಒಲೆಯ ಕಡೆ ಹೋಗಿದ್ದಳು. ಅದನ್ನು ಪಕ್ಕಕ್ಕಿಟ್ಟು, ಸ್ಟೂಲು ಎಳೆದುಕೊಂಡು ಕೂತೆ. ಹಾಲಿನ ಲೆಕ್ಕದ ಪೆನ್ಸಿಲ್ ಅಲ್ಲೇ ಇತ್ತು, ಕ್ಯಾಲೆಂಡರಿನ ಹಳೆಯ ಹಾಳೆಯೂ ಇತ್ತು. ಇರುವೆಗೆ ನಡು ಇಷ್ಟು ಸಣ್ಣದೆಂದು, ಎದುರಾದ ಇನ್ನೊಂದರ ಮೂತಿ ಮುಟ್ಟಿಯೇ ಮುಂದೆ ಹೋಗುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು. ಎಷ್ಟು ಹೊತ್ತು ಕೂತಿದ್ದೆನೋ. ಹಾಳೆ ಇನ್ನೂ ಖಾಲಿಯೇ ಇತ್ತು.

"ಅತ್ತೆ, ಇರುವೆ ಪುಡಿ ಹಾಕಿದ್ರಾ?" ಎಂದು ಸವಿತಾ ಕೂಗಿದಳು.

"ತಡಿಯವ್ವ, ಇನ್ನೂ ನೋಡ್ತಾ ಇದ್ದೀನಿ," ಎಂದೆ.