ಮುಟ್ಟಿನ ಮೂರನೇ ದಿನ

ಕಳೆದ ವಾರ ಮೊಮ್ಮಗಳು ಫೋನ್ ಮಾಡಿದ್ದಳು. ಹೆರಿಗೆಯಾಗಿ ಐದು ತಿಂಗಳಾಗಿದೆ, ಕಾಪರ್-ಟಿ ಹಾಕಿಸಿಕೊಳ್ಳಬೇಕಂತೆ. "ಗರ್ಭ ನಿಂತಿಲ್ಲ ಅಂತ ಖಾತ್ರಿಯಾದ್ರೆ ಯಾವತ್ತಾದ್ರೂ ಹಾಕ್ತೀವಿ, ಪೀರಿಯಡ್ಸ್ ಟೈಮಲ್ಲಿ ಬಂದ್ರೆ ಇನ್ನೂ ಸಲೀಸು ಅಂದ್ರು ಡಾಕ್ಟರ್. ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಬಿಡಜ್ಜಿ" ಅಂದಳು.

ಎಲ್ಲಿತ್ತು? "ನಮ್ಮಮ್ಮನ ಹೊಟ್ಟೆಯಲ್ಲೇ ಇತ್ತು ಕಣೇ" ಅಂದೆ.

(ಎಂಬತ್ತಾರರ ಮುದುಕಿ ಇಂಥದ್ದನ್ನೆಲ್ಲ ಬರೆಯಬಹುದೇ ಎಂದು ಹುಬ್ಬೇರಿಸುವವರು ಪುಟ ತಿರುಗಿಸಬಹುದು. ನನಗೆ ಬೇಜಾರಿಲ್ಲ.)

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮುಂಚಿನ ಮಾತು. ನನಗಾಗ ಏಳು ವರ್ಷ. ಬಂಗಾರಪೇಟೆ ಪಕ್ಕದ ಹಳ್ಳಿ ನಮ್ಮದು. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದು, ಗಣಿ ಕಂಪನಿ ಊರಿಗಾಂನಲ್ಲಿ ಕಟ್ಟಿಸಿದ್ದ ಲೈನ್‌ಮನೆಯಲ್ಲಿ ಇರುತ್ತಿದ್ದ. ಊರಿಗೆ ಬರುತ್ತಿದ್ದುದು ಭಾನುವಾರ ಮಾತ್ರ. ಅಷ್ಟಕ್ಕೇ ಅಮ್ಮ ಎಂಟು ವರ್ಷದಲ್ಲಿ ಐದು ಹೆತ್ತಿದ್ದಳು. ಉಳಿದದ್ದು ನಾವು ಮೂವರು. ಐದನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ರಾಬರ್ಟ್‌ಸನ್‌ಪೇಟೆಯ ಲೇಡಿ ಡಾಕ್ಟರ್ ಹತ್ತಿರ ಓಡಿದ್ದರು. ಅಮ್ಮನನ್ನು ಬದುಕಿಸಿದ ಆಕೆ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ನೇರವಾಗಿ ಹೇಳಿದ್ದರು: "ಇನ್ನೊಂದು ಹೆರಿಗೆ ಆದರೆ ನಿಮಗೆ ಸೊಸೆ ಇರಲ್ಲ."

ವಿಲಾಯಿತಿಗೆ ಹೋಗಿ ಓದಿ ಬಂದಿದ್ದ ಆ ಡಾಕ್ಟರಮ್ಮನ ಬಳಿ ಒಂದು ಉಪಾಯವಿತ್ತು. ಬೆಳ್ಳಿ ತಂತಿಯ ಪುಟ್ಟ ಉಂಗುರ. ಗರ್ಭಕೋಶದೊಳಗೆ ಇಟ್ಟರೆ ಬಸಿರು ನಿಲ್ಲುವುದಿಲ್ಲ. "ಮುಟ್ಟಾದ ಮೂರನೇ ದಿನ ಕರ್ಕೊಂಡು ಬನ್ನಿ" ಅಂದಿದ್ದರು.

ಇದು ಅಜ್ಜಿಯ ತಲೆಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಜಗಲಿಯ ಮೂಲೆಯಲ್ಲಿ ಕೂರಬೇಕು. ಅವರ ಚೊಂಬಿಗೆ ನೀರನ್ನೂ ಮೇಲಿಂದ ಹೊಯ್ಯಬೇಕು. ಅಂಥವಳನ್ನು ಅಷ್ಟು ಓದಿದ ಡಾಕ್ಟರಮ್ಮ ಮುಟ್ಟುವುದುಂಟೇ? "ಆಯಮ್ಮ ಬಾಯ್ತಪ್ಪಿ ಅಂದವ್ಳೆ" ಎಂದು ಅಜ್ಜಿ ತೀರ್ಮಾನಿಸಿದಳು. ಅಮ್ಮನ ಸ್ನಾನವಾಗಿ ಹತ್ತು ದಿನ ಕಳೆದ ಮೇಲೆ, ಒಳ್ಳೆಯ ಶುಕ್ರವಾರ ನೋಡಿ, ತಲೆಗೆ ಕನಕಾಂಬರ ಮುಡಿಸಿ ಕರೆದುಕೊಂಡು ಹೋದಳು.

ಡಾಕ್ಟರಮ್ಮ ತಲೆ ಚಚ್ಚಿಕೊಂಡರಂತೆ. "ಒಳಗೆ ಆಗಲೇ ಒಂದು ಕೂಸು ನಿಂತಿದ್ರೆ ನಂಗೆ ಹೇಗಮ್ಮ ಗೊತ್ತಾಗ್ಬೇಕು? ಮುಟ್ಟಾಗಿರುವಾಗಲೇ ಬನ್ನಿ ಅಂದಿದ್ದು ಅದಕ್ಕೇ."

ಹೋದ ದಾರಿಯಲ್ಲೇ ವಾಪಸ್. ಆಮೇಲಿನ ಎರಡು ವಾರ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮುಟ್ಟು ಬರುತ್ತದೋ ಇಲ್ಲವೋ? ಬರದಿದ್ದರೆ ಅಮ್ಮನ ಗತಿ? ಅಜ್ಜಿ ಮೊದಲು ಮಾಡಿದ ಕೆಲಸವೆಂದರೆ, ಗಣಿಗೆ ಹೋಗುವವರ ಕೈಲಿ ಅಪ್ಪನಿಗೆ ಸುದ್ದಿ ಕಳಿಸಿದ್ದು: "ಊರಾಗೆ ಮಾರಮ್ಮ ಎದ್ದವ್ಳೆ, ನೀನು ಬರ್ಬೇಡ." ಊರಲ್ಲಿ ಸಿಡುಬೂ ಇರಲಿಲ್ಲ, ಏನೂ ಇರಲಿಲ್ಲ. ಹೆಂಡತಿಯಿಂದ ದೂರವಿರು ಎಂದು ಹೆತ್ತ ತಾಯಿ ಮಗನಿಗೆ ಇನ್ನು ಹೇಗೆ ಹೇಳಬೇಕು? ಪಾಪ, ಅಪ್ಪ ಎರಡು ಭಾನುವಾರ ಲೈನ್‌ಮನೆಯಲ್ಲೇ ಕೂತು ಮಾರಮ್ಮನಿಗೆ ಹರಕೆ ಹೊತ್ತನಂತೆ.

ಒಂದು ಬೆಳಿಗ್ಗೆ ನೋಡಿದರೆ ಅಮ್ಮ ಜಗಲಿಯ ಮೂಲೆಯಲ್ಲಿ ಕೂತಿದ್ದಾಳೆ. ಮುಖದ ತುಂಬ ನಗು. ಮುಟ್ಟಾದದ್ದಕ್ಕೆ ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಮೂರನೇ ದಿನ ಅಮ್ಮ, ಅಜ್ಜಿ, ನಾನು ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತಿದೆವು. (ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು.) ಅಮ್ಮನ ಸೆರಗು ತಾಗದಂತೆ ಅಜ್ಜಿ ಎದುರಿನ ಬೆಂಚಿನ ತುದಿಯಲ್ಲಿ ಕೂತಳು. ಊರಿಗಾಂ ಸ್ಟೇಷನ್ನಿನಿಂದ ಜಟಕಾ ಮಾಡಿದಾಗಲೂ ಅಷ್ಟೇ, ಗಾಡಿಯವನ ಪಕ್ಕ ಹೋಗಿ ಕೂತಳು.

ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಅಮ್ಮ ನಿಂತುಬಿಟ್ಟಳು. ಒಳಗಿನ ಮೇಜು, ಉಕ್ಕಿನ ಸಾಮಾನುಗಳನ್ನು ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಬ್ಯಾಡ ಅತ್ತಮ್ಮ, ವಾಪಸ್ ಓಗೋಣ. ದೇವ್ರು ಇಟ್ಟಂಗೆ ಆಯ್ತದೆ" ಎಂದು ಅಳತೊಡಗಿದಳು.

ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ಮೂರು ದಿನದಿಂದ ದೂರವಿಟ್ಟಿದ್ದ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ದೇವ್ರು ಇಟ್ಟಂಗೆ ಅಂತಾನೇ ನನ್ ಮಗ್ಳನ್ನ ಬಾಣಂತೀಲಿ ಮಣ್ಣು ಮಾಡಿದೀನಿ. ಬಾ ಒಳಕ್ಕೆ, ನಾನಿದೀನಿ" ಅಂದಳು. ಎಲ್ಲ ಮುಗಿಯುವವರೆಗೂ ಆ ಕೈ ಬಿಡಲಿಲ್ಲವಂತೆ. ನನಗೊಬ್ಬಳು ಸೋದರತ್ತೆ ಇದ್ದಳು ಎಂಬುದು ಗೊತ್ತಾದದ್ದೇ ಅವತ್ತು.

ಬರುವಾಗ ರೈಲಿನಲ್ಲಿ ಅಮ್ಮ ಅಜ್ಜಿಯ ಹೆಗಲಿಗೊರಗಿ ನಿದ್ದೆ ಮಾಡಿದಳು. ಕಿಟಕಿಯಾಚೆ ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಹಿಂದೆ ಸರಿಯುತ್ತಿದ್ದವು. ಊರು ತಲುಪಿದ ಮೇಲೆ ಅಜ್ಜಿ ಸ್ನಾನವನ್ನೂ ಮಾಡಲಿಲ್ಲ, ನೇರ ಒಲೆ ಮುಂದೆ ಕೂತು ಸೊಸೆಗೆ ಮುದ್ದೆ ತೊಳಸಿದಳು.

ಕಟ್ಟಳೆ ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮುಂದಿನ ತಿಂಗಳು ಅಮ್ಮ ಮತ್ತೆ ಅದೇ ಜಗಲಿಯಲ್ಲಿ. "ಅವತ್ತು ಕೈ ಇಡ್ಕೊಂಡ್ರಲ್ಲ ಅತ್ತಮ್ಮ?" ಎಂದು ಕೇಳಿಯೇಬಿಟ್ಟಳು. ಅಜ್ಜಿ ಮೇಲಿಂದ ನೀರು ಹೊಯ್ಯುತ್ತ, "ಅವತ್ತು ನಿನ್ ಜೀವದ ಮಾತಿತ್ತು ಕಣೇ. ಇವತ್ತೇನಾಗೈತೆ ನಿಂಗೆ?" ಅಂದಳು.

ಅಮ್ಮ ಆಮೇಲೆ ಹೆರಲಿಲ್ಲ, ಎಂಬತ್ತು ದಾಟಿ ಬದುಕಿದಳು. ಅಜ್ಜಿಯ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟೂ ಇದೆ.

ಹೆಣ್ಣೊಬ್ಬಳ ಕೈ ಹಿಡಿಯಲು ಅವಳ ಪ್ರಾಣಕ್ಕೇ ಕುತ್ತು ಬಂದಿರಬೇಕೇ?