ಹಾಲಿನ ತಕ್ಕಡಿಯಲ್ಲಿ ಎಸ್‌ಎಂಪಿಎಸ್

ಸೂಲಿಬೆಲೆ ಬಳಿಯ ನಮ್ಮೂರಿನ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಅಲ್ಲಿನ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಹಳೆಯದಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ನಾನು ಹೊಸದೊಂದನ್ನು ತಂದಿಟ್ಟೆ. ಬದಲಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ನಮ್ಮ ಅಧ್ಯಕ್ಷರು ಹಳೆಯದನ್ನು ಕಂಪ್ಯೂಟರಿನಿಂದ ಕಳಚಿಸಿ, ಎರಡನ್ನೂ ಹಾಲಿನ ತಕ್ಕಡಿಗೆ ಹಾಕಿ ತೂಗಿದರು!

"ಹಳೇದೇ ಭಾರ ಐತೆ ಕಣಪ್ಪಾ. ಇದು ಬರೀ ತಗಡು, ವಾಪಸ್ ಕೊಟ್ಬಿಡು," ಎಂದರು. ನಿರ್ದೇಶಕರೆಲ್ಲ ಗೋಣಾಡಿಸಿದರು. ಊರವರ ಹಾಲನ್ನು ಮಾತ್ರ ಬರೀ ತೂಕಕ್ಕೆ ಒಪ್ಪದೆ, ದಿನಕ್ಕೆರಡು ಸಲ ಫ್ಯಾಟ್ ನೋಡಿ ದರ ಕಟ್ಟುವ ಮಹಾನುಭಾವರು ಇವರು!

ಮತ್ತೆ ಕೂರಿಸಿದ ಹಳೆಯ ಡಬ್ಬಿ ಮೂರನೇ ದಿನ ಢಬ್ ಎಂದು ಸತ್ತಿತು. ಬಿಚ್ಚಿ ನೋಡಿದರೆ, ಪಕ್ಕದಲ್ಲೇ ಪೇರಿಸಿದ್ದ ಬೂಸಾ ಮೂಟೆಗಳಿಂದ ಹಾರಿದ ಧೂಳು ಒಳಗೆ ಬೊಗಸೆಯಷ್ಟು ಗಟ್ಟಿಯಾಗಿ ಕೂತಿತ್ತು. ಅಧ್ಯಕ್ಷರು ತೂಗಿ ಉಳಿಸಿಕೊಂಡದ್ದು ಅದನ್ನೇ.